ಹಿಮ ಬೀಳುವ ಊರಲ್ಲಿ ಏನೇನು ಕೆಡುತ್ತೆ?

ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಬಟ್ಟೆ ಅಂಗಡಿಯ ಮಾಳಿಗೆ ಮೇಲೆ ಕೂತಿದ್ದೆ. ಎ.ಸಿ.ಯ ಔಟ್‌ಡೋರ್ ಯೂನಿಟ್ ಹತ್ತು ನಿಮಿಷಕ್ಕೊಮ್ಮೆ ಟ್ರಿಪ್ ಆಗುತ್ತಿತ್ತು. ಗ್ಯಾಸ್ ಸರಿಯಿತ್ತು. ಫ್ಯಾನ್ ತಿರುಗುತ್ತಿತ್ತು. ಕಾಯಿಲ್ ತೊಳೆದಾಗಿತ್ತು. ಮಿಷನ್‌ನದು ಏನೂ ತಪ್ಪಿರಲಿಲ್ಲ. ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಚೆಲ್ಲುವುದು ಅದರ ಕೆಲಸ. ಹೊರಗೇ 44 ಡಿಗ್ರಿ ಇದ್ದರೆ, ಕಾದ ಮಾಳಿಗೆ ಮೇಲೆ ಅದಕ್ಕಿಂತ ಜಾಸ್ತಿ ಇದ್ದರೆ, ಪಾಪ ಅದು ಎಲ್ಲಿ ಚೆಲ್ಲಬೇಕು? ಪಾನಾ (ಸ್ಪ್ಯಾನರ್) ಹಿಡಿದರೆ ಕೈ ಸುಡುತ್ತಿತ್ತು, ಒದ್ದೆ ಬಟ್ಟೆ ಸುತ್ತಿಕೊಂಡಿದ್ದೆ. ಕೊನೆಗೆ ಎರಡು ಗೋಣಿಚೀಲ ನೆನೆಸಿ, ಗಾಳಿಗೆ ಅಡ್ಡ ಆಗದ ಹಾಗೆ ಯೂನಿಟ್ ಮೇಲೆ ನೆರಳು ಕಟ್ಟಿದೆ. ಕಂಪ್ರೆಸರ್ ತಣ್ಣಗಾಗಲಿ ಅಂತ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಫೋನ್ ತೆಗೆದೆ.

ಫೋನಲ್ಲಿ ಒಂದು ವಿಡಿಯೋ ಬಂತು. ನನ್ನಂಥದೇ ಒಬ್ಬ ಮೆಕ್ಯಾನಿಕ್. ಮುಂದೆ ನನ್ನ ಮುಂದಿರುವಂಥದೇ ಒಂದು ಡಬ್ಬ. ಅವನು ಮೊಣಕಾಲು ಮಟ್ಟದ ಹಿಮದಲ್ಲಿ ನಿಂತು, ಕಾಯಿಲ್‌ಗೆ ಹತ್ತಿದ ಮಂಜುಗಡ್ಡೆಯನ್ನು ಮೆಲ್ಲಗೆ ಬಿಡಿಸುತ್ತಿದ್ದ. ಮಾತಾಡಿದಾಗಲೆಲ್ಲ ಬಾಯಿಂದ ಹೊಗೆ ಬರುತ್ತಿತ್ತು. ಅವನಿಗೂ ಆ ಡಬ್ಬ ಕಾಟ ಕೊಟ್ಟಿತ್ತು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಬಂತು.

ಹಿಮ ಬೀಳುವ ಊರಲ್ಲಿ ಹೋಗಿ ಇರಬೇಕು ಅನ್ನುವ ಹುಚ್ಚು ನನಗೆ ಇವತ್ತಿನದಲ್ಲ. ಹೇಳಿದರೆ ಜನ ನಗುತ್ತಾರೆ. ಊರು ಬಿಟ್ಟು ಹೋಗುವುದಕ್ಕೆ ಯಾರೂ ನಗುವುದಿಲ್ಲ, ಅದು ನಮ್ಮ ಕಡೆ ಹಳೆಯ ಮಾತು. ಚಿಂಚೋಳಿ, ಆಳಂದ, ಯಾದಗಿರಿ ಕಡೆಯ ತಾಂಡಾಗಳಿಂದ ಪುಣೆಗೆ, ಮುಂಬೈಗೆ, ಹೈದರಾಬಾದಿಗೆ ಗುಳೆ ಹೋಗುವವರನ್ನು ನೋಡುತ್ತಲೇ ಬೆಳೆದವರು ನಾವು. ಆದರೆ ಪುಣೆಯ ಮಳೆ ಚೆಂದ ಅಂತ ಯಾರೂ ಪುಣೆಗೆ ಹೋಗಲಿಲ್ಲ. ಎಲ್ಲಿ ಕೆಲಸವೋ ಅಲ್ಲಿ ಊರು. ನಾನು ಇದನ್ನು ತಿರುಗಾಮುರುಗಾ ಮಾಡಲು ಹೊರಟವನು. ಮೊದಲು ಊರು, ಅದೂ ಅಲ್ಲಿನ ಆಕಾಶದಿಂದ ಏನು ಬೀಳುತ್ತೆ ಅಂತ ನೋಡಿ, ಆಮೇಲೆ ಕೆಲಸ. ಮೂರು ವರ್ಷದಿಂದ ಇದರ ಹಿಂದೆ ಬಿದ್ದಿದ್ದೇನೆ. ಇನ್ನೂ ಹೋಗಿಲ್ಲ. ಆದರೆ ಹುಡುಕುವ ರೀತಿ ಪೂರ್ತಿ ಬದಲಾಗಿದೆ, ಅದನ್ನು ಬರೆದಿಡೋಣ ಅನಿಸಿತು.

ಬಟ್ಟಲು ತುಂಬ ಆಲಿಕಲ್ಲು

ಭಾಲ್ಕಿ ಹತ್ತಿರ ನನ್ನ ಅಜ್ಜನ ಊರು. ಆಗ ನನಗೆ ಏಳೋ ಎಂಟೋ ವರ್ಷ. ಶಿವರಾತ್ರಿ ಕಳೆದಿತ್ತು. ಮಧ್ಯಾಹ್ನದವರೆಗೆ ಸುಡುಬಿಸಿಲು, ಆಮೇಲೆ ಒಮ್ಮೆಲೇ ಕಪ್ಪು ಮೋಡ, ಗಾಳಿ. ಮೊದಲು ತಗಡಿನ ಮೇಲೆ ಯಾರೋ ಕಲ್ಲು ಒಗೆದ ಹಾಗೆ ಒಂದು ಸದ್ದು. ಆಮೇಲೆ ಹತ್ತು. ಆಮೇಲೆ ಮಾತಾಡಿದರೆ ಕೇಳದಷ್ಟು. ಇಪ್ಪತ್ತು ನಿಮಿಷ ಬಿದ್ದಿರಬಹುದು. ನಿಂತ ಮೇಲೆ ಹೊರಗೆ ಬಂದರೆ ಅಂಗಳ ಬೆಳ್ಳಗೆ. ಬಣವೆ ಬೆಳ್ಳಗೆ. ಎತ್ತಿನ ಗ್ವಾದಲಿಯಲ್ಲೂ ಬಿಳಿ. ನಾನು ಸ್ಟೀಲಿನ ಬಟ್ಟಲು ತಂದು ತುಂಬಿದೆ, ಬಾಯಿಗೆ ಹಾಕಿಕೊಂಡೆ, ಕುಣಿದೆ. ನನ್ನ ಜೀವನದಲ್ಲಿ ಅಷ್ಟು ಚೆಂದದ್ದು ಅದುವರೆಗೆ ನೋಡಿರಲಿಲ್ಲ.

ಬಟ್ಟಲು ತೋರಿಸಲು ಅಜ್ಜನ ಹತ್ತಿರ ಓಡಿದೆ. ಅಜ್ಜ ಕಟ್ಟೆ ಮೇಲೆ ಕೂತಿದ್ದ. ಹೊಲದ ಕಡೆ ಮುಖ. ಕೊಯ್ಲಿಗೆ ಬಂದಿದ್ದ ಬಿಳಿಜೋಳ ನೆಲಕ್ಕೆ ಮಲಗಿತ್ತು. ನನ್ನ ಬಟ್ಟಲು ನೋಡಿದ, ಬೈಯಲಿಲ್ಲ. 'ಒಳಗ ಹೋಗು, ಥಂಡಿ ಹತ್ತತದ' ಅಂದ, ಅಷ್ಟೇ. ಸ್ವಲ್ಪ ಹೊತ್ತಿಗೆ ಬಟ್ಟಲಲ್ಲಿ ಬರೀ ಕೆಸರು ನೀರು ಉಳಿಯಿತು.

ಆ ಬಿಳಿ ಅಂಗಳವೇ ನನ್ನ ಹುಚ್ಚಿಗೆ ಬೀಜ ಇರಬೇಕು. ಅಜ್ಜನ ಮುಖ ನೆನಪಿಗೆ ಬರಲು ಮಾತ್ರ ಬಹಳ ವರ್ಷ ಬೇಕಾಯಿತು.

ನೋಟ್‌ಬುಕ್ಕಿನ ಮೊದಲ ಪುಟ

ಶುರುವಿನಲ್ಲಿ ನಾನು ಮಾಡಿದ್ದು ಶುದ್ಧ ದಡ್ಡತನ. ನೋಟ್‌ಬುಕ್ಕಲ್ಲಿ ಊರುಗಳ ಹೆಸರು ಬರೆದು, ಎದುರಿಗೆ ಎಷ್ಟು ಚಳಿ ಅಂತ ಬರೆದೆ. ಜಾಸ್ತಿ ಚಳಿ ಇದ್ದಲ್ಲಿ ಜಾಸ್ತಿ ಹಿಮ ಅಂತ ನನ್ನ ಲೆಕ್ಕ. ಮೊದಲ ಹೆಸರೇ ಲೇಹ್. ವೀಸಾ ಬೇಡ, ರೂಪಾಯಿಯಲ್ಲೇ ಸಂಬಳ. ಆಮೇಲೆ ಓದಿದರೆ ಲೇಹ್ ಅನ್ನುವುದು 3500 ಮೀಟರ್ ಎತ್ತರದ ಮರುಭೂಮಿ. ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ ಸುಮಾರು 100 ಮಿಲಿಮೀಟರ್. ಬರದ ನಾಡು ಅಂತ ಬೈಸಿಕೊಳ್ಳುವ ನಮ್ಮ ಕಲಬುರಗಿಯಲ್ಲೇ 700ರ ಮೇಲೆ ಮಳೆ ಬೀಳುತ್ತೆ. ಚಳಿ ಇದ್ದರೆ ಸಾಲದು, ಹಸಿ ಗಾಳಿಯೂ ಬೇಕು. ಘಟ್ಟದ ಆಚೆ ಮಳೆ ಸುರಿದು ನಮ್ಮ ಕಡೆ ಬರೀ ಗಾಳಿ ಬರುವುದನ್ನು ಹುಟ್ಟಿದಾಗಿನಿಂದ ನೋಡಿದವನಿಗೆ ಇದು ಹೊಳೆಯಬೇಕಿತ್ತು, ಅಲ್ವಾ?

ಕೆನಡಾದ ವಿನಿಪೆಗ್ ಮತ್ತು ಜಪಾನಿನ ಸಪ್ಪೊರೊ ಪಕ್ಕಪಕ್ಕ ಇಟ್ಟರೆ ಈ ವಿಷಯ ಇನ್ನೂ ಚೆನ್ನಾಗಿ ಕಾಣುತ್ತೆ. ವಿನಿಪೆಗ್‌ನಲ್ಲಿ ಜನವರಿಯ ಸರಾಸರಿ ಸೊನ್ನೆಗಿಂತ ಸುಮಾರು 16 ಡಿಗ್ರಿ ಕೆಳಗೆ. ಅಲ್ಲಿ ರಾತ್ರಿ ಕಾರಿನ ಎಂಜಿನ್ ಹೆಪ್ಪುಗಟ್ಟದಿರಲಿ ಅಂತ ಅದಕ್ಕೂ ಒಂದು ಹೀಟರ್ ಇರುತ್ತೆ, ಕಾರನ್ನು ಫೋನಿನ ಹಾಗೆ ಪ್ಲಗ್‌ಗೆ ಚುಚ್ಚಿ ಮಲಗುತ್ತಾರೆ. ಆದರೆ ಇಡೀ ವರ್ಷಕ್ಕೆ ಬೀಳುವ ಹಿಮ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಸಪ್ಪೊರೊದಲ್ಲಿ ಚಳಿ ಅದರ ಕಾಲು ಭಾಗವೂ ಇಲ್ಲ, ಹಿಮ ಮಾತ್ರ ನಾಲ್ಕೂವರೆ ಮೀಟರ್ ದಾಟುತ್ತೆ. ಸೈಬೀರಿಯಾದಿಂದ ಬರುವ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ನೀರು ಕುಡಿದು ಬರುತ್ತೆ, ಆಚೆ ದಂಡೆಯ ಗುಡ್ಡಕ್ಕೆ ಬಡಿದು ಎಲ್ಲ ಇಳಿಸುತ್ತೆ. ಅಷ್ಟು ಹಿಮದ ನಡುವೆ ಸುಮಾರು 20 ಲಕ್ಷ ಜನ ಆಫೀಸಿಗೆ ಹೋಗುತ್ತಾರೆ, ಮಕ್ಕಳನ್ನು ಶಾಲೆಗೆ ಬಿಡುತ್ತಾರೆ. ಕೆನಡಾದ ದೊಡ್ಡ ಸರೋವರಗಳ ದಂಡೆಯಲ್ಲೂ ಇದೇ ಕಥೆ. ಸರೋವರದ ಮೇಲೆ ಹಾಯ್ದು ಬಂದ ಗಾಳಿ ಹಿಮ ಸುರಿಯುತ್ತೆ.

ಸಪ್ಪೊರೊ ಮೇಲೆ ಆರು ತಿಂಗಳು ಮನಸ್ಸಿಟ್ಟಿದ್ದೆ. ಅದನ್ನು ಬಿಡಿಸಿದ್ದು ಭಾಷೆ. ಸಾಫ್ಟ್‌ವೇರ್‌ನವರು ಇಂಗ್ಲಿಷಿನಲ್ಲಿ ಎಲ್ಲಾದರೂ ಬದುಕಿಕೊಳ್ಳಬಹುದೇನೋ. ನನ್ನ ಕೆಲಸದ ಅರ್ಧ ಭಾಗ ಮಿಷನ್ ಮುಟ್ಟುವ ಮೊದಲೇ ಮುಗಿಯುತ್ತೆ. ಮನೆಯ ಅಜ್ಜಿ 'ರಾತ್ರಿ ಗುರ್ ಅಂತದ, ಆಮ್ಯಾಗ ಟಕ್ ಅಂದು ಸುಮ್ನಾಗ್ತದ ನೋಡಪ್ಪ' ಅಂದರೆ ನನಗೆ ಮೋಟರ್ ಶುರು ಮಾಡಿಸುವ ಕೆಪಾಸಿಟರ್ ಕೆಟ್ಟದ್ದು ಕಣ್ಣ ಮುಂದೆ ಬರುತ್ತೆ. ಆ ಅಜ್ಜಿ ಅದನ್ನೇ ಜಪಾನಿ ಭಾಷೆಯಲ್ಲಿ ಹೇಳಿದರೆ?

ಊರೇ ಗುಳೆ ಹೋದ ಕಥೆ

ಸ್ವೀಡನ್ನಿನ ಉತ್ತರ ತುದಿಯಲ್ಲಿ ಕಿರುನಾ ಅಂತ ಒಂದು ಊರಿದೆ. ಊರ ಕೆಳಗೆ ಕಬ್ಬಿಣದ ಅದಿರು. ಅಗೆಯುತ್ತಾ ಅಗೆಯುತ್ತಾ ಊರಿನ ನೆಲವೇ ಬಿರುಕು ಬಿಡತೊಡಗಿತು. ಗಣಿ ನಿಲ್ಲಿಸಲಿಲ್ಲ, ಊರನ್ನೇ ಪಕ್ಕಕ್ಕೆ ಸರಿಸುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಅಲ್ಲಿನ 1912ರ ಮರದ ಚರ್ಚನ್ನು, 672 ಟನ್ ತೂಕದ್ದು, ಇಡಿಯಾಗಿ ಗಾಲಿಗಳ ಮೇಲೆ ಹೊರಿಸಿ ಎರಡು ದಿನದಲ್ಲಿ ಐದು ಕಿಲೋಮೀಟರ್ ದೂರ ಸಾಗಿಸಿದರು. ನಾನು ಅದನ್ನು ಫೋನಲ್ಲಿ ನೋಡುತ್ತಾ ಕೂತಿದ್ದೆ. ಜನ ಕೆಲಸದ ಹಿಂದೆ ಹೋಗುವುದು ಗೊತ್ತಿತ್ತು. ಗುಡಿಯೇ ಎದ್ದು ಕೆಲಸಕ್ಕೆ ದಾರಿ ಬಿಡುವುದು ಮೊದಲ ಸಲ ನೋಡಿದ್ದು.

ಅದೇ ಸ್ವೀಡನ್ನಿನ ಶೆಲೆಫ್ಟಿಯೊ ಇನ್ನೊಂದು ತರದ ಪಾಠ. ಒಳ್ಳೆ ಹಿಮ ಬೀಳುವ ಸಣ್ಣ ಊರು. ಅಲ್ಲಿ ನಾರ್ತ್‌ವೋಲ್ಟ್ ಅಂತ ಬ್ಯಾಟರಿ ಕಂಪನಿ ದೊಡ್ಡ ಕಾರ್ಖಾನೆ ಹಾಕಿತು. ಜಗತ್ತಿನ ಎಲ್ಲ ಕಡೆಯಿಂದ ಜನ ಹೋದರು, ನಮ್ಮ ದೇಶದವರೂ. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಆಯಿತು. ಅಲ್ಲಿ ಕೆಲಸದ ಪರ್ಮಿಟ್ ಮೇಲೆ ಇರುವವರು ಕೆಲಸ ಹೋದರೆ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಇನ್ನೊಂದು ಹುಡುಕಬೇಕು. ಒಂದೇ ಕಾರ್ಖಾನೆಯ ಸಣ್ಣ ಊರಲ್ಲಿ ಸಾವಿರಾರು ಜನ ಒಟ್ಟಿಗೆ ಹುಡುಕಲು ಹೊರಟರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಲಬುರಗಿಯಲ್ಲಿ ಎಂಎಸ್‌ಕೆ ಮಿಲ್, ಎಂದೋ ಮುಚ್ಚಿದ ಬಟ್ಟೆ ಗಿರಣಿ, ಅಂದರೆ ಈಗ ಒಂದು ಏರಿಯಾದ ಹೆಸರು. ಆಟೋದವನಿಗೆ ಹೇಳಿದರೆ ಕರೆದುಕೊಂಡು ಹೋಗುತ್ತಾನೆ. ಮಿಲ್ ಎಲ್ಲಿ ಅಂತ ಅವನೂ ಕೇಳುವುದಿಲ್ಲ, ನೀವೂ ಕೇಳುವುದಿಲ್ಲ.

ಅವತ್ತಿನಿಂದ ನೋಟ್‌ಬುಕ್ಕಲ್ಲಿ ಹೊಸ ಸಾಲು ಬಂತು: ಆ ಊರು ಎಷ್ಟು ಕಾಲಿನ ಮೇಲೆ ನಿಂತಿದೆ?

ಮನಾಲಿಯಲ್ಲಿ ಹತ್ತೊಂಬತ್ತು ದಿನ

ಬರೀ ಫೋನಲ್ಲಿ ನೋಡಿ ಊರು ಆರಿಸಬೇಡ ಅಂತ ಒಬ್ಬ ಐಟಿಐ ಗೆಳೆಯ ಅಂದ. ಅವನು ಚಂಡೀಗಢದಲ್ಲಿ ಕೋಲ್ಡ್ ಸ್ಟೋರೇಜ್ ಕೆಲಸದಲ್ಲಿದ್ದ. ಮನಾಲಿಯ ಒಂದು ಸಣ್ಣ ಹೋಟೆಲಿನವರಿಗೆ ಜನವರಿಯಲ್ಲಿ ಗೀಸರ್, ಪೈಪು ನೋಡಿಕೊಳ್ಳಲು ಜನ ಬೇಕಿತ್ತು. ದಿನಗೂಲಿ, ಊಟ, ಮೆಟ್ಟಿಲ ಕೆಳಗೆ ಒಂದು ಕೋಣೆ. ಇಲ್ಲಿ ನಮಗೆ ಜನವರಿ ಅಂದರೆ ಕೆಲಸ ಕಮ್ಮಿ ಇರುವ ತಿಂಗಳು. ಹೋದೆ.

ಮೊದಲ ಹಿಮ ನಾಲ್ಕನೇ ರಾತ್ರಿ ಬಿತ್ತು. ನಾನು ಕಾದು ಕೂತಿದ್ದೆ, ಆದರೂ ತಪ್ಪಿಸಿಕೊಂಡೆ. ಯಾಕಂದರೆ ಅದಕ್ಕೆ ಸದ್ದೇ ಇಲ್ಲ. ಆಲಿಕಲ್ಲು ನೋಡಿದವನಿಗೆ ಆಕಾಶದಿಂದ ಬಿಳಿ ಬೀಳುವುದು ಅಂದರೆ ತಗಡಿನ ಸದ್ದು. ಇದು ಬೆಕ್ಕಿನ ಹಾಗೆ ಬಂದಿತ್ತು. ಬೆಳಿಗ್ಗೆ ಐದಕ್ಕೆ ಮಾಲೀಕರು ಬಾಗಿಲು ಬಡಿದಾಗಲೇ ಗೊತ್ತಾಗಿದ್ದು. ಬಾಗಿಲು ತೆಗೆದರೆ ಎಲ್ಲ ಬೆಳ್ಳಗೆ, ಬೀದಿದೀಪದ ಬೆಳಕಲ್ಲಿ ಸ್ವಲ್ಪ ನೀಲಿ. ಬಾಯಿ ತೆರೆದು ನಿಂತೆ. ಮಾಲೀಕರಿಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಮೂರನೇ ಮಹಡಿಯಲ್ಲಿ ಪೈಪು ಒಡೆದಿತ್ತು.

ನೀರು ಮಂಜುಗಡ್ಡೆ ಆಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತೆ. ಇದನ್ನು ಐಟಿಐಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮಾರ್ಕು ತಗೊಂಡಿದ್ದೆ. ಅವತ್ತು ನೋಡಿದೆ. ಪೈಪು ಉದ್ದಕ್ಕೆ ಸೀಳಿತ್ತು, ಒಳಗಿನ ಮಂಜಿನ ಕೋಲು ಹೊರಗೆ ಇಣುಕುತ್ತಿತ್ತು. ರಾತ್ರಿ ಒಂದು ನಲ್ಲಿಯನ್ನು ಸಣ್ಣಗೆ ಬಿಟ್ಟಿದ್ದರೆ, ನೀರು ಹರಿಯುತ್ತಿದ್ದರೆ, ಒಡೆಯುತ್ತಿರಲಿಲ್ಲ. ಗಿರಾಕಿಯೊಬ್ಬರು ಟಪ್ ಟಪ್ ಸದ್ದಿಗೆ ನಿದ್ದೆ ಬರಲ್ಲ ಅಂತ ಗಟ್ಟಿಯಾಗಿ ಮುಚ್ಚಿದ್ದರಂತೆ. ನನ್ನ ಕೈಬೆರಳಿಗೆ ಪಾನಾ ಅಂಟಿಕೊಂಡಿತು. ಕಲಬುರಗಿಯಲ್ಲಿ ಸುಡುವ ಪಾನಾ, ಅಲ್ಲಿ ಅಂಟುವ ಪಾನಾ. ಎರಡೂ ಕಡೆ ಬಟ್ಟೆ ಸುತ್ತಿಕೊಳ್ಳಬೇಕು.

ಒಂಬತ್ತರ ಹೊತ್ತಿಗೆ ಚಹಾ ಕುಡಿಯಲು ರಸ್ತೆಗೆ ಬಂದೆ. ಅಟಲ್ ಸುರಂಗದ ಕಡೆಗೆ ಹೋಗುವ ದಾರಿ. 2020ರಲ್ಲಿ ಆ ಸುರಂಗ ಆದ ಮೇಲೆ ಒಂಬತ್ತು ಕಿಲೋಮೀಟರ್ ದಾಟಿದರೆ ಆಚೆ ಬದಿಯ ಲಾಹೌಲ್ ಕಣಿವೆ. ಅಲ್ಲಿ ಸಲಿಕೆ ಹಿಡಿದು ಹಿಮ ಎತ್ತುವವರು ಬೆಂಕಿ ಕಾಯಿಸುತ್ತಾ ನಿಂತಿದ್ದರು. ಹಿಮಾಲಯದ ರಸ್ತೆ ಕೆಲಸಕ್ಕೆ ಜಾರ್ಖಂಡದಿಂದ ಜನ ಬರುವುದು ಬಹಳ ಹಳೆಯ ರೂಢಿ. ಒಬ್ಬ ದುಮ್ಕಾದವನು ಮಾತಿಗೆ ಸಿಕ್ಕ. ನನ್ನ ಹಿಂದಿ ಕೇಳಿ ನಕ್ಕ. ನಮ್ಮ ಕಲಬುರಗಿ ಹಿಂದಿಯ 'ಹಮಾರೆಕು', 'ನಕ್ಕೋ' ಅಲ್ಲಿ ಯಾರಿಗೂ ಗೊತ್ತಿಲ್ಲ. ಎಷ್ಟು ದೂರದಿಂದ ಬಂದೆ ಅಂತ ಕೇಳಿದ, ಹೇಳಿದೆ. ನಿಮ್ಮಲ್ಲಿ ಕೆಲಸ ಇಲ್ವಾ ಅಂತ ಕೇಳಿದ. ಇದೆ, ಬೇಸಿಗೆಯಲ್ಲಿ ಊಟಕ್ಕೂ ಪುರಸೊತ್ತು ಇಲ್ಲ ಅಂದೆ. ಮತ್ತೆ ಯಾಕೆ ಬಂದೆ?

ಹಿಮ ನೋಡಲು ಅಂತ ಹೇಳಲು ನಾಚಿಕೆ ಆಯಿತು. ಸುಮ್ನೆ ಬಂದೆ ಅಂದೆ. ಅವನು ಸಲಿಕೆ ಕೊಟ್ಟು, 'ಸ್ವಲ್ಪ ಎತ್ತಿ ನೋಡು' ಅಂದ. ಎತ್ತಿದೆ. ಬಿದ್ದ ಹೊಸ ಹಿಮ ಹತ್ತಿಯ ಹಾಗೆ ಹಗುರ. ಗಾಡಿಗಳು ತುಳಿದು ಕರಗಿ ಮತ್ತೆ ಗಟ್ಟಿಯಾದ ಹಿಮ ಒದ್ದೆ ಮರಳಿನ ಹಾಗೆ. ಎಂಟು-ಹತ್ತು ಸಲಿಕೆಗೆ ಸೊಂಟ ಹಿಡಿಯಿತು. ಬೆಂಕಿ ಸುತ್ತ ನಿಂತವರೆಲ್ಲ ನಕ್ಕರು.

ಅವನಿಗೆ ಮೊದಲು ಕೆಲಸ ಸಿಕ್ಕಿತ್ತು, ಹಿಮ ಅದರ ಜೊತೆಗೆ ಬಂದಿತ್ತು. ಭಾಲ್ಕಿಯ ಕಟ್ಟೆ ಮೇಲೆ ಕೂತಿದ್ದ ಅಜ್ಜನ ಮುಖ ನನಗೆ ಸರಿಯಾಗಿ ನೆನಪಾಗಿದ್ದು ಆ ಬೆಂಕಿ ಮುಂದೆ. ಬಟ್ಟಲು ಹಿಡಿದು ಕುಣಿಯುವವನು ನಾನು. ಬಿದ್ದದ್ದನ್ನು ನೋಡುತ್ತಾ ಕೂರುವವನು, ಎತ್ತುವವನು ಬೇರೆ ಯಾರೋ.

ಮನಾಲಿಯಲ್ಲೇ ಉಳಿಯಬಹುದಿತ್ತು. ಆದರೆ ಪ್ರವಾಸಿಗರು ಇಲ್ಲದ ತಿಂಗಳು ಗೀಸರ್‌ಗೂ ರಜೆ, ನನಗೂ ರಜೆ. ಹಿಮಾಚಲದಲ್ಲಿ ಹೊರಗಿನವರು ಸುಮ್ನೆ ಹೋಗಿ ಜಮೀನು ಕೊಳ್ಳುವಂತಿಲ್ಲ, 1972ರ ಭೂಸುಧಾರಣೆ ಕಾನೂನಿನ 118ನೇ ಸೆಕ್ಷನ್ ಅಡ್ಡ ಬರುತ್ತೆ. ಅದು ಸರಿಯೇ. ಇಲ್ಲದಿದ್ದರೆ ನನ್ನಂಥ ಬಟ್ಟಲು ಹಿಡಿದವರೆಲ್ಲ ಸೇರಿ ಆ ಗುಡ್ಡಗಳನ್ನು ಎಂದೋ ಮುಗಿಸುತ್ತಿದ್ದೆವು.

ಕೆಡುವುದರ ಪಟ್ಟಿ

ಮನಾಲಿಯಿಂದ ಬಂದ ಮೇಲೆ ನೋಟ್‌ಬುಕ್ಕಿನ ಹಳೆ ಪುಟಗಳನ್ನು ಹರಿದೆ. ಹೊಸ ಪುಟದಲ್ಲಿ ಒಂದೇ ಪ್ರಶ್ನೆ: ಆ ಊರಲ್ಲಿ ಚಳಿಗಾಲದಲ್ಲಿ ಏನು ಕೆಡುತ್ತೆ, ಅದನ್ನು ರಿಪೇರಿ ಮಾಡಲು ನನಗೆ ಬರುತ್ತಾ?

ಇಲ್ಲಿ ಒಂದು ತಮಾಷೆ ಇದೆ. ನಾನು ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಚಳಿ ದೇಶದಲ್ಲಿ ಎ.ಸಿ. ಮೆಕ್ಯಾನಿಕ್‌ಗೆ ಏನು ಕೆಲಸ ಅಂತ ಎಲ್ಲರೂ ಕೇಳುತ್ತಾರೆ. ಎ.ಸಿ.ಯನ್ನು ತಿರುಗಿಸಿ ಇಟ್ಟರೆ ಹೀಟ್ ಪಂಪ್. ಒಳಗೆ ಒಂದು ಫೋರ್ ವೇ ವಾಲ್ವ್ ಇರುತ್ತೆ, ಅದು ಗ್ಯಾಸಿನ ದಾರಿ ತಿರುಗಿಸಿದರೆ ಹೊರಗಿನ ಬಿಸಿಯನ್ನು ಎಳೆದು ಒಳಗೆ ತರುತ್ತೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇದ್ದಾಗ ಎಲ್ಲಿಯ ಬಿಸಿ ಅನ್ನಬಹುದು. ಆದರೆ ಗಾಳಿಯಲ್ಲಿ ಬಿಸಿ ಅನ್ನುವುದು ಪೂರ್ತಿ ಮುಗಿಯುವುದು ಸೊನ್ನೆಗಿಂತ 273 ಡಿಗ್ರಿ ಕೆಳಗೆ. 20 ಕೆಳಗೆ ಅಂದರೆ ಇನ್ನೂ ಬೇಕಾದಷ್ಟು ಉಳಿದಿದೆ. ಆ ಗಾಳಿಗಿಂತಲೂ ತಣ್ಣಗಿರುವ ಗ್ಯಾಸನ್ನು ಹೊರಗಿನ ಕಾಯಿಲ್‌ನಲ್ಲಿ ಹರಿಸಿದರೆ ಬಿಸಿ ತಾನಾಗಿ ಅದರೊಳಗೆ ಬರುತ್ತೆ. ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ, ಅಂದರೆ ಯುರೋಪಿನ ಅತಿ ಚಳಿಯ ದೇಶಗಳಲ್ಲೇ, ಮನೆಗಳ ಲೆಕ್ಕದಲ್ಲಿ ಹೀಟ್ ಪಂಪ್ ಅತಿ ಹೆಚ್ಚು. ಹಾಗೆ ಬಿಸಿ ಎಳೆಯುವಾಗ ಹೊರಗಿನ ಕಾಯಿಲ್ ಮೇಲೆ ಗಾಳಿಯ ಹಸಿ ಹೆಪ್ಪುಗಟ್ಟುತ್ತೆ. ಮಿಷನ್ ಆಗಾಗ ಸ್ವಲ್ಪ ಹೊತ್ತು ಉಲ್ಟಾ ತಿರುಗಿ ಅದನ್ನು ಕರಗಿಸಿಕೊಳ್ಳಬೇಕು. ಕರಗಿಸಿಕೊಳ್ಳದೆ ಕೆಟ್ಟರೆ, ಆ ವಿಡಿಯೋದವನ ಹಾಗೆ ಯಾರೋ ಬಂದು ನಿಲ್ಲಬೇಕು. ಅದನ್ನೆಲ್ಲ ನೋಡಿದ ಮೇಲೆ ಮೊದಲ ಸಲ ಅನಿಸಿತು, ನಾನು ಅಲ್ಲಿ ಬೇಕಾಗುವ ಮನುಷ್ಯ.

ಬೇಕಾಗುವುದು ಬೇರೆ, ಬಿಟ್ಟುಕೊಳ್ಳುವುದು ಬೇರೆ. ಯುರೋಪಿನಲ್ಲಿ ಗ್ಯಾಸ್ ಮುಟ್ಟಲು ಬೇರೆಯೇ ಸರ್ಟಿಫಿಕೇಟ್ ಬೇಕು. ಸ್ವೀಡನ್ 2023ರ ನವೆಂಬರ್‌ನಿಂದ ಕೆಲಸದ ಪರ್ಮಿಟ್‌ಗೆ ದೇಶದ ಮಧ್ಯಮ ಸಂಬಳದ ಕನಿಷ್ಠ ಶೇಕಡಾ 80 ಸಿಗಬೇಕು ಅಂತ ಮಾಡಿತು. ಭಾಷೆ ಬಾರದ ಹೊಸಬನಿಗೆ ಅಷ್ಟು ಕೊಟ್ಟು ಕರೆಸುವ ಸಣ್ಣ ಕಂಪನಿ ಹುಡುಕುವುದು ಅಂದರೆ ಜೋಳದ ರಾಶಿಯಲ್ಲಿ ಎಳ್ಳು ಹುಡುಕಿದ ಹಾಗೆ. ಮೇಲಾಗಿ ಕಿರುನಾದಂಥ ಕಡೆ ಡಿಸೆಂಬರ್‌ನಲ್ಲಿ ಎರಡು ಮೂರು ವಾರ ಸೂರ್ಯ ಮೇಲೇಳುವುದೇ ಇಲ್ಲ. ಚಳಿಗೆ ಬಟ್ಟೆ ಹಾಕಿಕೊಳ್ಳಬಹುದು, ಕತ್ತಲಿಗೆ ಏನು ಹಾಕಿಕೊಳ್ಳುವುದು? ಬಿಸಿಲಿಗೆ ಎಷ್ಟೇ ಬೈದರೂ ನಾನು ಬಿಸಿಲಿನ ಪ್ರಾಣಿ.

ಹೀಗೆ ಜರಡಿ ಹಿಡಿದು ಹಿಡಿದು ಉಳಿದದ್ದು ಕೆನಡಾದ ಆಂಟಾರಿಯೊ ರಾಜ್ಯದ ಎರಡು ಊರು. ಥಂಡರ್ ಬೇ ಮತ್ತು ಸೂ ಸೇಂಟ್ ಮರೀ. ಎರಡೂ ಸುಪೀರಿಯರ್ ಸರೋವರದ ಕಡೆಯವು. ಎರಡನೆಯದು ನನಗೆ ಜಾಸ್ತಿ ಹಿಡಿಸಿತು. ಜನ 70 ಸಾವಿರ ಚಿಲ್ಲರೆ, ಅಂದರೆ 2011ರ ಜನಗಣತಿಯ ನಮ್ಮ ಯಾದಗಿರಿ ಪಟ್ಟಣದಷ್ಟೇ. ಸರೋವರದ ಗಾಳಿಯಿಂದ ವರ್ಷಕ್ಕೆ ಸುಮಾರು ಮೂರು ಮೀಟರ್ ಹಿಮ. ಡಿಸೆಂಬರ್‌ನಲ್ಲೂ ಎಂಟು ಗಂಟೆಗಿಂತ ಜಾಸ್ತಿ ಹಗಲು. ಇಂಗ್ಲಿಷ್ ನಡೆಯುತ್ತೆ. ಅದು ಉಕ್ಕಿನ ಕಾರ್ಖಾನೆಯ ಊರು ಅನ್ನುವುದೊಂದೇ ನನಗೆ ಚುಚ್ಚುವ ಮುಳ್ಳು. 2025ರಲ್ಲಿ ಅಮೆರಿಕ ಉಕ್ಕಿನ ಮೇಲೆ ಶೇಕಡಾ 50 ಸುಂಕ ಹಾಕಿತು. ಕಾರ್ಖಾನೆಗೆ ಏಟು ಬಿದ್ದರೂ ಜನವರಿಯಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಕೆಡುವುದು ನಿಲ್ಲಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಜನರೇ ಊರು ಬಿಟ್ಟರೆ ಫರ್ನೇಸ್ ಯಾರಿಗೆ ಅಂತ ಎಂಎಸ್‌ಕೆ ಮಿಲ್ ಕಡೆ ಹಾಯ್ದಾಗಲೆಲ್ಲ ಅನಿಸುತ್ತೆ.

ಕೆನಡಾದಲ್ಲಿ ಸಣ್ಣ ಊರುಗಳಿಗೆ ಅಂತಲೇ ಒಂದು ದಾರಿ ಇದೆ. 2019ರಲ್ಲಿ 11 ಊರುಗಳಿಂದ ಒಂದು ಪ್ರಯೋಗ ಶುರುವಾಯಿತು, ಅದು ಮುಗಿದು 2025ರಲ್ಲಿ 14 ಊರು-ಪ್ರದೇಶಗಳ ಹೊಸದು ಬಂತು. ನನ್ನ ಎರಡೂ ಊರು ಅದರಲ್ಲಿವೆ. ನಮಗೆ ಯಾವ ಕೆಲಸದವರು ಬೇಕು ಅಂತ ಊರೇ ಹೇಳುತ್ತೆ, ಊರು ಒಪ್ಪಿದ ಮಾಲೀಕರಲ್ಲಿ ಒಬ್ಬರು ಕೆಲಸ ಕೊಡಬೇಕು. ಇದನ್ನು ಓದಿ ಸುಮಾರು ಹೊತ್ತು ನಗು ಬಂತು. ನಾನು ಇಲ್ಲಿ ಕೂತು ಊರು ಆರಿಸುತ್ತಿದ್ದೇನೆ, ಅಲ್ಲಿ ಊರು ಕೂತು ಜನರನ್ನು ಆರಿಸುತ್ತಿದೆ. ಇನ್ನೊಂದು ದಾರಿ ಎಕ್ಸ್‌ಪ್ರೆಸ್ ಎಂಟ್ರಿ, ಅಂದರೆ ಕೆನಡಾದಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವ ಸರ್ಕಾರಿ ವ್ಯವಸ್ಥೆ. ನುರಿತ ಕೈಕಸುಬಿನವರಿಗೆ ಅದರಲ್ಲೊಂದು ವಿಭಾಗ ಇದೆ, ಆದರೆ ಅದಕ್ಕೂ ಕೆಲಸದ ಆಫರ್ ಇರಬೇಕು, ಇಲ್ಲವೇ ಅಲ್ಲಿನ ಸರ್ಟಿಫಿಕೇಟ್. ಹೆಂಡತಿ, ಮಗಳು ಸೇರಿ ಮೂರು ಜನಕ್ಕೆ 2025ರ ಲೆಕ್ಕದಲ್ಲಿ 23 ಸಾವಿರ ಕೆನಡಾ ಡಾಲರ್‌ಗೂ ಜಾಸ್ತಿ ಬ್ಯಾಂಕಿನಲ್ಲಿ ತೋರಿಸಬೇಕು. ನನ್ನ ಬ್ಯಾಂಕ್ ಪಾಸ್‌ಬುಕ್ ನೋಡಿದರೆ ಆ ಅಧಿಕಾರಿ ಅಳಬಹುದು.

ಹೈದರಾಬಾದಿನ ಒಬ್ಬ ಏಜೆಂಟ್ ಮೂರು ಲಕ್ಷ ಕೊಟ್ಟರೆ ಆಫರ್ ಲೆಟರ್ ತರಿಸುತ್ತೇನೆ ಅಂದ. ಯಾವ ಕಂಪನಿ ಅಂತ ಕೇಳಿದೆ, ದುಡ್ಡು ಕಟ್ಟಿದ ಮೇಲೆ ಹೇಳುತ್ತೇನೆ ಅಂದ. ಇಟ್ಟೆ ಫೋನು.

ಬಟ್ಟೆ ಎಲ್ಲಿ ಒಣಗಸ್ತಾರ?

ಮನೆಯಲ್ಲಿ ಈ ವಿಷಯ ತೆಗೆದ ರಾತ್ರಿ ಕರೆಂಟ್ ಹೋಗಿತ್ತು. ಕೂಲರ್ ನಿಂತಿತ್ತು. ಎಲ್ಲರೂ ಮಾಳಿಗೆ ಮೇಲೆ ಹಾಸಿಗೆ ಹಾಕಿದ್ದೆವು. ಒಂದು ಮೂಲೆಯಲ್ಲಿ ಹೆಂಡತಿ ಬೆಳಿಗ್ಗೆ ಇಟ್ಟಿದ್ದ ಸಂಡಿಗೆ, ಎಂಟು ತಾಸಿನಲ್ಲಿ ಕಟಕಟ ಒಣಗಿತ್ತು.

ಅವ್ವ ಕೇಳಿದ್ದು ಒಂದೇ. 'ಅಲ್ಲಿ ನಮ್ಮವರು ಯಾರದಾರ?'

'ಯಾರೂ ಇಲ್ಲವ್ವ.'

'ಮತ್ತ ಹ್ಯಾಂಗ ಹೋಗ್ತಿ? ಪುಣೆಕ್ಕ ಹೋಗಾವ್ರೂ ಮೊದಲ ಒಬ್ಬಾಂವ ಹೋಗಿದ್ದಕ್ಕ ಹೋಗ್ತಾರ.'

ಅವ್ವನ ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೆ ಬೀದರಿನ ಕಥೆ ಹೇಳಿದೆ. ಮಹಮೂದ್ ಗವಾನ್ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗಿಲಾನ್‌ನವನು. ಬೆನ್ನಿಗೆ ಹಿಮ ಹೊದ್ದ ಎಲ್‌ಬುರ್ಜ್ ಬೆಟ್ಟಸಾಲು ಇರುವ ನಾಡು. ವ್ಯಾಪಾರಕ್ಕೆ ಅಂತ ಬಂದವನು ಬಹಮನಿಗಳ ಪ್ರಧಾನಿ ಆದ, 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಅವನು ಹಿಮದ ಕಡೆಯಿಂದ ನಮ್ಮ ಬಿಸಿಲಿಗೆ ಬಂದ, ನಾನು ಇಲ್ಲಿಂದ ಆ ಕಡೆ ಹೋಗುತ್ತೇನೆ ಅಂದೆ. ಅವ್ವನಿಗೆ ಮದರಸಾ ಗೊತ್ತಿತ್ತು, ಬೀದರಿನ ತವರು. 'ಅವನಿಗಿ ಕಡೀಕ ಏನಾಯ್ತು?' ಅಂದಳು. 1481ರಲ್ಲಿ ಸುಲ್ತಾನನೇ ತಲೆ ತೆಗೆಸಿದ ಅಂತ ಹೇಳಬೇಕಾಯಿತು. ಉದಾಹರಣೆ ಕೊಡುವ ಮೊದಲು ಸ್ವಲ್ಪ ಯೋಚನೆ ಮಾಡಬೇಕಿತ್ತು.

ಹೆಂಡತಿ ಇಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: 'ವರ್ಷದಾಗ ಐದ್ ತಿಂಗಳ ಹಿಮ ಅಂದ್ರ, ಬಟ್ಟಿ ಎಲ್ಲಿ ಒಣಗಸ್ತಾರ?'

ಮೂರು ವರ್ಷದಲ್ಲಿ ಇಷ್ಟು ಒಳ್ಳೆ ಪ್ರಶ್ನೆ ಯಾರೂ ಕೇಳಿರಲಿಲ್ಲ. ನನ್ನ ಕಸುಬಿನದೇ ಪ್ರಶ್ನೆ ಕೂಡ. ತಣ್ಣನೆಯ ಗಾಳಿ ನೀರು ಹಿಡಿದುಕೊಳ್ಳಲ್ಲ. ಆ ಗಾಳಿಯನ್ನೇ ಒಳಗೆ ತಂದು ಕಾಯಿಸಿದರೆ ಮನೆಯೊಳಗೆ ನಮ್ಮ ಮೇ ತಿಂಗಳಷ್ಟೇ ಒಣ. ತುಟಿ ಒಡೆಯುತ್ತೆ, ಮರದ ಬಾಗಿಲು ಸೀಳುತ್ತೆ, ಬಟ್ಟೆ ಕೋಣೆಯಲ್ಲೇ ಒಣಗುತ್ತೆ. ಸಂಡಿಗೆಯನ್ನೂ ಒಳಗೇ ಒಣಗಿಸಬಹುದು ಅಂದೆ. 'ಹಂಗಾರ ಇಲ್ಲಿದ್ದಂಗ ಆಯ್ತಲ್ಲ' ಅಂದು ಮಗ್ಗುಲಾದಳು. ಅದು ಒಪ್ಪಿಗೆಯೋ ನಿರಾಕರಣೆಯೋ ಇನ್ನೂ ಕೇಳಿಲ್ಲ. ಕೇಳುವ ಧೈರ್ಯ ಬಂದಿಲ್ಲ.

ಸದ್ಯಕ್ಕೆ

ಈಗ ನಡೆಯುತ್ತಿರುವುದು ಕಾಗದದ ಕೆಲಸ. ಆಂಟಾರಿಯೊದಲ್ಲಿ ನನ್ನ ಕಸುಬಿಗೆ 313ಎ ಅಂತ ನಂಬರ್. ಹೊಸಬರು ಅದಕ್ಕೆ ಸುಮಾರು 9000 ಗಂಟೆ ಕೈಕೆಳಗೆ ದುಡಿದು ಕಲಿಯಬೇಕು. ಮೊದಲೇ ಕೆಲಸ ಬಲ್ಲವರು ಅಷ್ಟು ಮಾಡಿದ್ದೇವೆ ಅಂತ ಹಳೆ ಮಾಲೀಕರಿಂದ ಬರೆಸಿ ತೋರಿಸಿದರೆ ಪರೀಕ್ಷೆಗೆ ಕೂರಿಸುತ್ತಾರೆ. ಗಂಟೆ ಲೆಕ್ಕ ಹಾಕಿದರೆ ನನ್ನವು ಅದರ ಎರಡು ಪಟ್ಟು ಆಗುತ್ತವೆ. ಆದರೆ ನಮ್ಮ ಕಡೆ ಗಂಟೆ ಲೆಕ್ಕ ಯಾರು ಇಟ್ಟಿದ್ದಾರೆ? ನನ್ನ ಮೊದಲ ಮಾಲೀಕರಿಗೆ ಪತ್ರ ಬರೆದುಕೊಡಿ ಅಂದರೆ, ಪಾಪ ಪ್ರೀತಿಯಿಂದ ಲೆಟರ್‌ಹೆಡ್ ಮೇಲೆ ಬರೆದು ಸಿಕ್ಕೆ ಹಾಕಿ ಕೊಟ್ಟರು: ಇವನು ಬಹಳ ಒಳ್ಳೆ ಹುಡುಗ, ಎಂದೂ ಸುಳ್ಳು ಹೇಳಿಲ್ಲ, ಗಿರಾಕಿಗಳ ಮನೆಯಲ್ಲಿ ತಲೆ ತಗ್ಗಿಸಿ ಕೆಲಸ ಮಾಡುತ್ತಾನೆ. ಎಷ್ಟು ಗಂಟೆ, ಯಾವ ಮಿಷನ್, ಯಾವ ಗ್ಯಾಸ್, ಒಂದೂ ಇಲ್ಲ. ಆ ಪತ್ರ ಯಾವ ಆಫೀಸಿಗೂ ಉಪಯೋಗಕ್ಕೆ ಬರಲ್ಲ. ನಾನು ಅದನ್ನು ಲ್ಯಾಮಿನೇಶನ್ ಮಾಡಿಸಿ ಇಟ್ಟಿದ್ದೇನೆ. ಇನ್ನೊಂದು ಬರೆಸಬೇಕು.

ನಾಳೆ ಐಟಿಐ ಅಂಕಪಟ್ಟಿಯ ನಕಲಿಗೆ ಹೋಗಬೇಕು. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ, ಬಿಸಿಲಿಗೆ ಸರ್ಕಾರವೂ ತಲೆ ಬಾಗುತ್ತೆ. ಎಂಟಕ್ಕೇ ಬಾಗಿಲಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಬಟ್ಟೆ ಅಂಗಡಿಯವರು ಈಗಷ್ಟೇ ಫೋನ್ ಮಾಡಿದ್ದರು. ಯೂನಿಟ್ ಮತ್ತೆ ಟ್ರಿಪ್ ಆಗುತ್ತಿದೆಯಂತೆ. ಗೋಣಿಚೀಲ ಒಣಗಿರಬೇಕು.